ಕ್ಯಾಲೆಂಡರಿನ ಚೌಕದಿಂದ ನೋಟ್‌ಬುಕ್ಕಿನ ಪುಟಕ್ಕೆ

ವಿಜಯಪುರ ಜಿಲ್ಲೆಯ ಹೊರ್ತಿಯಂಥ ಊರಿನಲ್ಲಿ ಯಾರದೇ ಮನೆಯ ಪಡಸಾಲೆಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ಹತ್ತಿರದಿಂದ ಓದಿದರೆ ಆ ಮನೆಯ ವರ್ಷದ ಅರ್ಧ ಕಥೆ ಸಿಗುತ್ತದೆ. ಎಮ್ಮೆ ಗಬ್ಬಾದ ದಿನ, ಹೊಸ ಸಿಲಿಂಡರ್ ಹಚ್ಚಿದ ತಾರೀಖು, ಹಾಲಿನ ಲೆಕ್ಕ, ಸಂಘಕ್ಕೆ ಕಟ್ಟಿದ ಕಂತು, ಲಿಂಬಿ ಗಿಡಕ್ಕೆ ಔಷಧ ಹೊಡೆದದ್ದು, ಉತ್ತರಿ ಮಳೆ ಬಿದ್ದ ರಾತ್ರಿ. ಗದಗಿನ ಶಾಬಾದಿಮಠದ ಕ್ಯಾಲೆಂಡರ್ ಇರಲಿ, ಕಾಲನಿರ್ಣಯ ಇರಲಿ, ತಿಥಿ ನಕ್ಷತ್ರಗಳ ನಡುವೆ ಉಳಿದ ಬೆರಳಗಲ ಜಾಗದಲ್ಲಿ ಬಾಲ್‌ಪೆನ್ನಿನ ಈ ಬರಹ ನಡೆದೇ ಇರುತ್ತದೆ. ಅದರಲ್ಲಿ ಇಲ್ಲದ್ದು ಒಂದೇ. ಅದನ್ನು ಬರೆದವರ ಮನಸ್ಸು ಅಂದು ಹೇಗಿತ್ತು ಎಂಬುದು ಅಲ್ಲಿಲ್ಲ.

ಈ ಇಲ್ಲದ್ದನ್ನು ಬರೆಯಿರಿ, ದಿನಾಲೂ ಬರೆಯಿರಿ, ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ, ನಿಮ್ಮನ್ನು ನೀವು ಅರಿಯುತ್ತೀರಿ ಎಂಬ ಉಪದೇಶ ಈಗ ಎಲ್ಲ ಕಡೆಯಿಂದ ಬರುತ್ತಿದೆ. ಮೊಬೈಲಿನಲ್ಲಿ ಅದಕ್ಕೆಂದೇ ಆ್ಯಪ್‌ಗಳಿವೆ, ಅಂಗಡಿಯಲ್ಲಿ ಚರ್ಮದ ಹೊದಿಕೆಯ ದುಬಾರಿ ಪುಸ್ತಕಗಳಿವೆ. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ? ಡೈರಿ ಎಂಬುದೇ ಹೊರಗಿನ ಸರಕೋ, ಇಲ್ಲಿಯೂ ಅದರ ಬೇರು ಇದೆಯೋ? ಇಂಡಿ ಸೀಮೆಯ ಒಬ್ಬ ರೈತ, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಡಿಗ್ರಿ ಮುಗಿಸಿ ನೌಕರಿಗೆ ಕಾಯುತ್ತಿರುವ ಒಬ್ಬ ಹುಡುಗ ಇದನ್ನು ಹಿಡಿಯಬೇಕೆಂದರೆ ಎಲ್ಲಿಂದ ಹಿಡಿಯಬೇಕು?

ಮೊದಲು ಒಂದು ಮಾತು. ನಮ್ಮಲ್ಲಿ ಬರೆಯುವ ರೂಢಿ ಇಲ್ಲ ಎನ್ನುವುದು ಸುಳ್ಳು. ಕಿರಾಣಿ ಅಂಗಡಿಯವರು ಅಂದಿನ ಕಿರ್ದಿಯನ್ನು ಅಂದೇ ಮುಗಿಸದೆ ಶಟರ್ ಎಳೆಯುವುದಿಲ್ಲ. ದ್ರಾಕ್ಷಿ ಬೆಳೆಯುವವರು ಚಾಟ್ನಿ ಮಾಡಿದ, ಅಂದರೆ ಬಳ್ಳಿ ಸವರಿದ, ದಿನದಿಂದ ಎಣಿಸಿ ಎಷ್ಟನೆಯ ದಿನಕ್ಕೆ ಯಾವ ಔಷಧ ಹೊಡೆದರು ಎಂದು ಸಾಲು ತಪ್ಪದೆ ಬರೆದಿಡುತ್ತಾರೆ. ಜನವರಿ ಬಂತೆಂದರೆ ಗೊಬ್ಬರದ ಅಂಗಡಿಯವರೂ ಸಹಕಾರಿ ಸಂಘದವರೂ ಡೈರಿ ಹಂಚುತ್ತಾರೆ. ಸಂಕ್ರಮಣದವರೆಗೆ ನಾಲ್ಕು ಪುಟ ತುಂಬುತ್ತವೆ, ಆಮೇಲೆ ಅದು ಸಾಲಗಾರರ ಹೆಸರು ಬರೆಯುವ ಪುಸ್ತಕವಾಗುತ್ತದೆ. ಲೆಕ್ಕ ಬರೆಯುವ ಕೈಗೆ ಆಯಾಸವಿಲ್ಲ. ತನ್ನ ಬಗ್ಗೆ ಬರೆಯಬೇಕಾದಾಗ ಅದೇ ಕೈ ಹಿಂಜರಿಯುತ್ತದೆ.

ಹಿಂಜರಿಕೆಯ ಒಂದು ಪಾಲು ಶಾಲೆಯ ಕೊಡುಗೆ. ದಿನಚರಿ ಬರೆದುಕೊಂಡು ಬಾ ಎಂದರೆ ಮಕ್ಕಳು ಬರೆಯುವುದು ನಮಗೆಲ್ಲ ಗೊತ್ತು: ಬೆಳಿಗ್ಗೆ ಬೇಗನೆ ಎದ್ದೆನು, ಹಲ್ಲು ಉಜ್ಜಿದೆನು, ದೇವರಿಗೆ ಕೈ ಮುಗಿದೆನು. ಎದ್ದದ್ದು ತಡವಾಗಿ, ಹಲ್ಲು ಉಜ್ಜಿದ್ದೇ ಅನುಮಾನ. ಗುರುಗಳು ಓದುತ್ತಾರೆಂದು ಬರೆದದ್ದಾದ್ದರಿಂದ ಅದು ಚೊಕ್ಕವಾಗಿರುತ್ತದೆ, ಸುಳ್ಳಾಗಿಯೂ ಇರುತ್ತದೆ. ದೊಡ್ಡವರಾದ ಮೇಲೆ ಪೆನ್ನು ಹಿಡಿದಾಗಲೂ ಆ ಗುರುಗಳು ಹೆಗಲ ಹಿಂದೆ ನಿಂತೇ ಇರುತ್ತಾರೆ.

ಹೀಗಿರುವಾಗ, ತನ್ನೊಳಗನ್ನು ತಾನೇ ಕೆದಕಿ ನಿಷ್ಠುರವಾಗಿ ಬರೆದ ಒಂದು ದೊಡ್ಡ ಉದಾಹರಣೆ ಇದೇ ಸೀಮೆಯದು ಎಂಬುದು ಅಚ್ಚರಿಯ ಸಂಗತಿ. ಹಲಸಂಗಿ ಮೊದಲು ಇಂಡಿ ತಾಲ್ಲೂಕಿನಲ್ಲಿದ್ದ ಊರು, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಅಲ್ಲಿಯ ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮಧುರಚೆನ್ನರು, 1903ರಲ್ಲಿ ಹುಟ್ಟಿ 1953ರ ಆಗಸ್ಟ್ 15ರಂದು ತೀರಿಕೊಂಡರು. ಐವತ್ತು ವರ್ಷದ ಬದುಕು, ಅದರ ಬಹುಪಾಲು ಒಂದು ಹಳ್ಳಿಯಲ್ಲಿ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಅವರ ಬರಹಗಳು ಆತ್ಮಸಂಶೋಧನೆಯ ಹೆಸರಿನಲ್ಲಿ ಒಟ್ಟಾಗಿ ನಿಲ್ಲುತ್ತವೆ. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಕಲಿತೆ, ಯಾವ ಸನ್ಮಾನ ಬಂತು ಎಂಬ ಆತ್ಮಕಥೆಯ ಸಾಮಾನ್ಯ ಸಾಮಗ್ರಿಯನ್ನು ಹುಡುಕಿ ಹೋದವರಿಗೆ ಅಲ್ಲಿ ನಿರಾಸೆ. ನಂಬಿಕೆ ಹೇಗೆ ಸಡಿಲವಾಯಿತು, ಸಂಶಯ ಎಷ್ಟು ಆಳಕ್ಕೆ ಇಳಿಯಿತು, ಅದರಿಂದ ಹೊರಗೆ ಬಂದದ್ದು ಹೇಗೆ ಎಂಬುದೇ ಅಲ್ಲಿ ಕಥೆ. ಬೇರೆಯವರಿಗೆ ಕಾಣದ ಘಟನೆಗಳನ್ನು ಅವರು ಮೊಕದ್ದಮೆಯ ಸಾಕ್ಷಿಯಂತೆ ದಾಖಲಿಸಿದರು. ಮುಂದೆ ಅರವಿಂದರ ದಾರಿ ಹಿಡಿದರು, ಪಾಂಡಿಚೇರಿಗೆ ಹೋಗಿ ಬಂದರು. ಆ ದಾರಿ ನಮಗೆ ಒಪ್ಪಿಗೆಯಾಗಬೇಕೆಂದೇನಿಲ್ಲ. ಡೈರಿಯ ಪ್ರಶ್ನೆಗೆ ಮುಖ್ಯವಾದದ್ದು ಬೇರೆಯೇ ಇದೆ: ಅವರ ಬರಹ ಒಂದೇ ಕಡೆ ನಿಂತು ಗೋಳಾಡುವುದಿಲ್ಲ. ಮೂರು ಹೆಸರುಗಳಲ್ಲೇ ಒಂದು ನಡಿಗೆ ಇದೆ. ಕತ್ತಲಿನಲ್ಲಿ ಸಿಕ್ಕಿಕೊಂಡವನು ಅದನ್ನು ದಾಟಿ, ತಿರುಗಿ ನೋಡಿ ಬರೆದ ಕತ್ತಲು ಅದು.

ಇದೇ ಹಲಸಂಗಿಯ ಗೆಳೆಯರ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮುಂತಾದವರು ಸುತ್ತಲಿನ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಹೊರಬಂತು. ಬೆಳಗಿನ ಜಾವ ಜೋಳ ಬೀಸುತ್ತ ಹೇಳಿದ ತ್ರಿಪದಿಗಳು ಅವು. ತವರಿನ ನೆನಪು, ಅಣ್ಣ ಬಾರದ ಹಬ್ಬ, ಅತ್ತೆಯ ಮಾತು, ಗಂಡನ ಒರಟುತನ, ಕೂಸಿನ ನಗು, ಸತ್ತ ಕೂಸಿನ ಸಂಕಟ, ಎಲ್ಲವೂ ಅಲ್ಲಿವೆ. ಮನೆಯ ಬೇರೆಯವರು ಮಲಗಿದ ಹೊತ್ತು, ಬೀಸುಕಲ್ಲಿನ ಸದ್ದಿನ ಮರೆ, ಕೈಗೊಂದು ಕೆಲಸ, ಪ್ರತಿದಿನ ತಪ್ಪದ ವೇಳೆ. ಇಂದು ಡೈರಿ ಬರೆಯಲು ಏನೇನು ಅನುಕೂಲ ಬೇಕೆಂದು ಪಟ್ಟಿ ಮಾಡುತ್ತಾರೋ ಅದೆಲ್ಲ ಅಕ್ಷರ ಬಾರದ ಆ ಹೆಣ್ಣುಮಕ್ಕಳಿಗೆ ಬೀಸುವ ಕೆಲಸದಲ್ಲೇ ಒದಗಿತ್ತು. ಜೊತೆಗೆ ತ್ರಿಪದಿಯ ಬಿಗಿಯೂ ಇತ್ತು. ದುಃಖ ಎಷ್ಟೇ ಇರಲಿ, ಮೂರು ಸಾಲಿಗೆ ಮುಗಿಯಬೇಕು. ಮುಂದೆ ಊರೂರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟೆಯ ನೋವು ಹೋಯಿತು, ಅದರೊಂದಿಗೆ ಆ ವೇಳೆಯೂ ಹೋಯಿತು. ಗಿರಣಿ ಬರಬಾರದಿತ್ತು ಎಂದು ಬೀಸಿದ ಅಜ್ಜಿಯರು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆ ವೇಳೆಗೆ ಬದಲಿಯಾಗಿ ಏನೂ ಬರಲಿಲ್ಲ ಎಂಬುದೂ ನಿಜ.

ವಚನಗಳನ್ನೂ ಡೈರಿಯೆಂದು ಕರೆಯುವ ಉಮೇದು ಕೆಲವರಿಗಿದೆ. ಬಸವನ ಬಾಗೇವಾಡಿಯ ಜಿಲ್ಲೆಯಲ್ಲಿ ಕುಳಿತು ಹಾಗೆ ಅನ್ನಿಸುವುದು ಸಹಜವೇ. ಬಸವಣ್ಣ ತನ್ನನ್ನು ತಾನು ಜರಿದುಕೊಂಡಷ್ಟು ಬೇರೆಯವರನ್ನು ಜರಿಯಲಿಲ್ಲ. ಆದರೂ ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ವಚನ ಇನ್ನೊಬ್ಬರು ಕೇಳಲೆಂದೇ ಹೇಳಿದ್ದು, ಶರಣರ ನಡುವೆ ಚರ್ಚೆಗೆ ಇಟ್ಟದ್ದು. ಅದರ ಕೊನೆಗೆ ಬರುವ ಅಂಕಿತವೇ ಮಾತು ಯಾರಿಗೆ ಎಂಬುದನ್ನು ಸಾರುತ್ತದೆ. ಹಾಗಿದ್ದೂ ಒಂದು ಸುಳಿವು ಸಿಗುತ್ತದೆ. ವಚನಕ್ಕೆ ಕೂಡಲಸಂಗಮನಿದ್ದಾನೆ, ಬೀಸುವ ಹಾಡಿಗೆ ಕಲ್ಲಿದೆ, ತವರಿನ ದಾರಿಯಿದೆ. ಇಲ್ಲಿ ತನ್ನ ಮಾತು ಆಡಿಕೊಂಡವರೆಲ್ಲ ಯಾರಿಗೋ ಹೇಳಿಕೊಂಡರು. ಖಾಲಿ ಪುಟದ ಮುಂದೆ ಕೂತವನಿಗೆ ಎದುರಿಗೆ ಯಾರೂ ಇಲ್ಲ. ಮೊದಲ ವಾರದಲ್ಲೇ ಬಹಳ ಜನ ಕೈಬಿಡುವುದಕ್ಕೆ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣವಿರಬೇಕು.

ಕನ್ನಡ ಬರಹಗಾರರಲ್ಲಿ ದಿನಚರಿ ಇಟ್ಟವರಿದ್ದಾರೆ. ಕುವೆಂಪು 1980ರಲ್ಲಿ ‘ನೆನಪಿನ ದೋಣಿಯಲ್ಲಿ’ ಪ್ರಕಟಿಸಿದಾಗ ತಾರುಣ್ಯದ ದಿನಚರಿ ಪುಸ್ತಕಗಳು ಅವರ ನೆರವಿಗೆ ಬಂದವು. ಗಾಂಧೀಜಿ ಆಶ್ರಮದವರಿಗೆ ಡೈರಿ ಬರೆಯಿರೆಂದು ಒತ್ತಾಯಿಸುತ್ತಿದ್ದರು. ಪಾಂಡಿಚೇರಿಯ ಆನಂದರಂಗ ಪಿಳ್ಳೈ 1736ರಿಂದ ಇಪ್ಪತ್ತೈದು ವರ್ಷ ತಮಿಳಿನಲ್ಲಿ ಬರೆದಿಟ್ಟ ದಿನಚರಿ ಫ್ರೆಂಚರ ಆಳ್ವಿಕೆಯ ದೊಡ್ಡ ಆಕರ. ಇವೆಲ್ಲ ಚರಿತ್ರೆಗೆ ಒದಗುವ ಮಾತಾಯಿತು. ಸಾಮಾನ್ಯ ಮನುಷ್ಯನ ನೆಮ್ಮದಿಗೆ ಒದಗುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡಿದ್ದು ಕಳೆದ ನಾಲ್ಕು ದಶಕಗಳಲ್ಲಿ.

1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಿಂದ ಇದು ಶುರು. ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ, ಬದುಕಿನ ತೀರಾ ನೋವಿನ ಸಂಗತಿಯನ್ನು ಬರೆಯಬೇಕು. ಕೆಲವರು ಬರೀ ನಡೆದದ್ದನ್ನು ಬರೆದರು, ಕೆಲವರು ಬರೀ ಭಾವನೆ, ಕೆಲವರು ಎರಡನ್ನೂ, ಇನ್ನೊಂದು ಗುಂಪು ಯಾವುದೋ ಸಾದಾ ವಿಷಯ. ಬರೆದು ಎದ್ದಾಗ ನೋವು ಬರೆದವರ ಮನಸ್ಸು ಭಾರವಾಗಿತ್ತು, ರಕ್ತದೊತ್ತಡವೂ ಏರಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರಿಂದಾದ ಸಂಕಟವನ್ನೂ ಸೇರಿಸಿ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. 1999ರಲ್ಲಿ ಜೋಶುವಾ ಸ್ಮಿತ್ ಮತ್ತು ಜೊತೆಗಾರರು ದಮ್ಮು ಹಾಗೂ ಸಂಧಿವಾತ ಇದ್ದ 112 ರೋಗಿಗಳನ್ನು ನೋಡಿದರು. ನಾಲ್ಕು ತಿಂಗಳ ನಂತರ, ಮನಸ್ಸಿನ ನೋವು ಬರೆದವರಲ್ಲಿ ಶೇ. 47 ಮಂದಿಗೆ ಗಣನೀಯ ಸುಧಾರಣೆ, ಸಾದಾ ವಿಷಯ ಬರೆದವರಲ್ಲಿ ಶೇ. 24. ಸುದ್ದಿ ದೊಡ್ಡದಾಯಿತು.

ಪವಾಡದ ಕಥೆ ಇಲ್ಲಿಗೇ ನಿಂತಿದ್ದರೆ ಆ್ಯಪ್ ಮಾರುವವರಿಗೆ ಅನುಕೂಲವಾಗುತ್ತಿತ್ತು. 2006ರಲ್ಲಿ ಜೋವನ್ ಫ್ರಾಟರೋಲಿ 146 ಪ್ರಯೋಗಗಳನ್ನು ಒಟ್ಟಿಗೆ ಕೂಡಿಸಿ ನೋಡಿದಾಗ ಪರಿಣಾಮ ಇದೆ, ಆದರೆ ಸಣ್ಣದು ಎಂದು ತಿಳಿಯಿತು. ಖರ್ಚಿಲ್ಲದ ಉಪಾಯಕ್ಕೆ ಸಣ್ಣ ಲಾಭವೂ ಲಾಭವೇ. ಆದರೆ ಎಲ್ಲರಿಗೂ ಲಾಭವೇ ಎನ್ನುವಂತಿಲ್ಲ. 2013ರಲ್ಲಿ ಡೇವಿಡ್ ಸ್ಬಾರಾ ಮತ್ತವರ ತಂಡ, ಮದುವೆ ಮುರಿದು ಹೆಚ್ಚು ಕಾಲವಾಗದ 90 ಜನರನ್ನು ನೋಡಿತು. ಹೀಗೇಕಾಯಿತು, ಇದರ ಅರ್ಥವೇನು ಎಂದು ಒಂದೇ ಸಮನೆ ಕೊರಗುವ ಸ್ವಭಾವದವರಿಗೆ ಭಾವನೆ ಬರೆಯಿಸಿದಾಗ ತಿಂಗಳುಗಳ ನಂತರವೂ ಸಂಕಟ ಹೆಚ್ಚಾಗಿಯೇ ಉಳಿದಿತ್ತು. ಅಂಥ ಸ್ವಭಾವದವರಲ್ಲೇ, ಇಂದು ಏನೇನು ಮಾಡಿದೆ ಎಂದು ಭಾವನೆಯ ಸೋಂಕಿಲ್ಲದೆ ಬರೆದವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಅಂದರೆ, ನಾವು ಹಗುರವಾಗಿ ಕಾಣುವ ಕ್ಯಾಲೆಂಡರಿನ ಚೌಕದ ಬರಹ ಕೊರಗುವ ಮನಸ್ಸಿಗೆ ಪುಟಗಟ್ಟಲೆ ಅಳಲಿಗಿಂತ ಹಿತ. ಎಮ್ಮೆ ಗಬ್ಬಾಯಿತು, ಸಂಘಕ್ಕೆ ಹಣ ಕಟ್ಟಿದೆ, ಬಾವಿಯ ಮೋಟರ್ ರಿಪೇರಿಯಾಯಿತು ಎಂಬಷ್ಟೇ ಸಾಕಾಗುವ ದಿನಗಳೂ ಮನುಷ್ಯನಿಗೆ ಬರುತ್ತವೆ.

ಲಾಭವಾದವರ ಬರಹದಲ್ಲಿ ಏನಿತ್ತು? ಪೆನ್ನೆಬೇಕರ್ ಆಮೇಲೆ ಆ ಪುಟಗಳ ಪದಗಳನ್ನೇ ಎಣಿಸಿದರು. ಮೊದಲ ದಿನದಿಂದ ಕೊನೆಯ ದಿನಕ್ಕೆ ಹೋಗುತ್ತ ಯಾಕೆಂದರೆ, ಅದರಿಂದ, ಈಗ ತಿಳಿಯಿತು ಎಂಬಂಥ ಮಾತು ಹೆಚ್ಚಾದವರಿಗೆ ಉಪಯೋಗ ಹೆಚ್ಚು. ನಾನು ನಾನು ಎಂಬಲ್ಲೇ ಇರದೆ ಬೇರೆಯವರ ಕಡೆಯಿಂದಲೂ ನೋಡಿ ಬರೆದವರಿಗೂ ಹಾಗೆಯೇ. ಮೊದಲ ದಿನವೇ ಎಲ್ಲ ತಿಳಿದವರಂತೆ ಬರೆದವರಿಗೆ ಅಷ್ಟು ಲಾಭವಿಲ್ಲ, ನಾಲ್ಕು ದಿನವೂ ಅದೇ ಮಾತನ್ನು ತಿರುಗಿಸಿದವರಿಗೂ ಇಲ್ಲ. ಬರಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕು. ಹಲಸಂಗಿಯ ಮೂರು ಪುಸ್ತಕಗಳ ನಡಿಗೆಯನ್ನು ಇಲ್ಲಿ ನೆನೆದರೆ ಅದು ಕಾಕತಾಳೀಯ ಅನ್ನಿಸುವುದಿಲ್ಲ.

ಕೃತಜ್ಞತೆಯ ಪಟ್ಟಿ ಬರೆಯುವುದೂ ಈಗ ಪ್ರಚಾರದಲ್ಲಿದೆ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲ. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿಯವರ ತಂಡ ಕಂಡದ್ದು, ವಾರಕ್ಕೊಮ್ಮೆ ಬರೆದವರಿಗೆ ಹಿತವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ದಿನಾ ಬರೆದರೆ ಉಪಕಾರ ಸ್ಮರಣೆಯೂ ಬಾಯಿಪಾಠವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಡೋಣಿ ಹೊಳೆ ಸಾಲಿನ ರೈತನಿಗೆ ಹೋಗಿ ಇಂದಿನ ಮೂರು ಸಂತೋಷ ಬರೆ ಎನ್ನುವ ಧೈರ್ಯ ನನಗಂತೂ ಇಲ್ಲ. ನಿದ್ದೆಯ ಬಗ್ಗೆ ಒಂದು ಸಣ್ಣ, ಕೆಲಸಕ್ಕೆ ಬರುವ ಮಾತಿದೆ. ಮೈಕಲ್ ಸ್ಕಲಿನ್ 2018ರಲ್ಲಿ 57 ತರುಣರ ಮೇಲೆ ಮಾಡಿದ ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲು ನಿದ್ದೆ ಹತ್ತಿತು. ನೀರಿನ ಪಾಳಿ, ಕೂಲಿಯವರಿಗೆ ಹೇಳಿ ಕಳಿಸುವುದು, ಬ್ಯಾಂಕಿನ ಕಾಗದ, ಇವು ತಲೆಯಲ್ಲಿ ಸುತ್ತುವುದಕ್ಕಿಂತ ಹಾಳೆಯ ಮೇಲಿದ್ದರೆ ಒಳ್ಳೆಯದು.

ನೋವು ಬರೆಯಿಸುವ ಇಂಥ ಪ್ರಯೋಗಗಳಲ್ಲಿ ಬರೆದವರಿಗೆ ಸಾಮಾನ್ಯವಾಗಿ ಒಂದು ಭರವಸೆ ಸಿಗುತ್ತದೆ: ನಿಮ್ಮ ಮನೆಯವರು, ಗುರುತಿನವರು ಇದನ್ನು ಓದುವುದಿಲ್ಲ. ನಮ್ಮ ಮನೆಗಳಲ್ಲಿ ಆ ಭರವಸೆ ಕೊಡುವವರು ಯಾರು? ಎರಡು ಕೋಣೆ, ಒಂದು ಟ್ರಂಕು, ಕೀಲಿ ಎಲ್ಲರ ಕೈಗೂ ಸಿಗುವ ಮೊಳೆಯ ಮೇಲೆ. ಸೊಸೆ ಬರೆದದ್ದು ಅತ್ತೆಯ ಕಣ್ಣಿಗೆ, ಮಗಳು ಬರೆದದ್ದು ಅಣ್ಣನ ಕೈಗೆ ಬಿದ್ದರೆ ನೆಮ್ಮದಿಯ ಮಾತು ಬದಿಗಿರಲಿ, ಕಾಲೇಜು ಬಿಡಿಸಲೂ ಅಷ್ಟು ಸಾಕು. ಇಂಥ ಕಡೆ ಬರೆದು ಹರಿದು ಒಲೆಗೆ ಹಾಕುವುದೇ ಜಾಣತನ. ಪ್ರಯೋಗಗಳ ಪ್ರಕಾರವೂ ಉಪಕಾರ ಆಗುವುದು ಬರೆಯುವ ಕೆಲಸದಿಂದ, ಪುಟ ಉಳಿಸುವುದರಿಂದಲ್ಲ. ಅಕ್ಷರದ ತೊಡಕೂ ಇದೆ. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇ. 67ರಷ್ಟು, ಹೆಣ್ಣುಮಕ್ಕಳದು ಶೇ. 57ರ ಆಸುಪಾಸು. ಟೇಪ್ ರೆಕಾರ್ಡರಿನ ಮುಂದೆ ಒಬ್ಬರೇ ಕೂತು ಮಾತಾಡಿದವರಿಗೂ ಬರೆದವರಂತೆಯೇ ಹಿತವಾಯಿತೆಂದು 1990ರ ದಶಕದ ಪ್ರಯೋಗಗಳು ತೋರಿಸಿವೆ. ಈಗ ಎಲ್ಲರ ಫೋನಿನಲ್ಲೂ ಧ್ವನಿ ಮುದ್ರಿಸುವ ಗುಂಡಿ ಇದೆ. ಹೊಲದ ಬದುವಿನ ಮೇಲೆ ಕೂತು ಹತ್ತು ನಿಮಿಷ ಮಾತಾಡಿ ಅಳಿಸಿಬಿಡಬಹುದು. ಗುಳೆ ಹೋಗಿ ಗೋವಾದಲ್ಲೋ ಪುಣೆಯಲ್ಲೋ ಶೆಡ್ಡಿನಲ್ಲಿ ಇರುವವರಿಗೂ ಇದೇ ಸುಲಭ.

ಶುರು ಮಾಡುವವರಿಗೆ ನಾನು ಹೇಳುವುದು ಕೆಲವೇ ಮಾತು. ಹೊಸ ವರ್ಷಕ್ಕೆ ಕಾಯಬೇಡಿ, ತಾರೀಖು ಅಚ್ಚಾದ ಡೈರಿ ಬೇಡ. ಖಾಲಿ ಬಿಟ್ಟ ಪುಟ ಪ್ರತಿ ಸಲ ತೆರೆದಾಗಲೂ ಬೈಯುತ್ತದೆ. ನೂರು ಪುಟದ ಶಾಲೆ ನೋಟ್‌ಬುಕ್ ಸಾಕು. ವೇಳೆಯನ್ನು ಹೊಸದಾಗಿ ಹುಡುಕುವ ಬದಲು ಈಗಾಗಲೇ ನಡೆದಿರುವ ಕೆಲಸದ ಬೆನ್ನಿಗೆ ಕಟ್ಟಿ: ಸಂಜೆ ಹಾಲು ಹಿಂಡಿ ಬಂದ ಮೇಲೆ, ಅಂಗಡಿಯ ಕಿರ್ದಿ ಮುಚ್ಚಿದ ಮೇಲೆ, ಮಕ್ಕಳು ಮಲಗಿದ ಮೇಲೆ. ಲಂಡನ್ನಿನ ಫಿಲಿಪಾ ಲ್ಯಾಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254ಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಇಪ್ಪತ್ತೊಂದು ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಭಾಷಣದ ಮಾತನ್ನು ನಂಬಿ ಇಪ್ಪತ್ತೆರಡನೆಯ ದಿನ ತನ್ನನ್ನು ತಾನೇ ಹಳಿದುಕೊಳ್ಳಬೇಕಾಗಿಲ್ಲ.

ಬರೆಯುವ ಮಾತು ಮನೆಯ ಮಾತಾಗಿರಲಿ. ನನಗ ಸಿಟ್ಟ ಬಂದಿತ್ತು ಎಂದು ಬರೆದರೆ ಸಿಟ್ಟು ಅಲ್ಲೇ ಇರುತ್ತದೆ, ನಾನು ಕೋಪಗೊಂಡೆನು ಎಂದ ಕೂಡಲೇ ಶಾಲೆಯ ಗುರುಗಳು ಒಳಗೆ ಬರುತ್ತಾರೆ. ತಾಂಡಾದವರು ಲಂಬಾಣಿಯಲ್ಲೇ ಬರೆಯಲಿ, ಕನ್ನಡ ಲಿಪಿ ಅದಕ್ಕೂ ಸಾಲುತ್ತದೆ. ಖಾಲಿ ಪುಟ ಹೆದರಿಸಿದರೆ ಯಾರಿಗಾದರೂ ಹೇಳುವಂತೆ ಬರೆಯಿರಿ. ತೀರಿಹೋದ ಅಜ್ಜಿಗೆ, ದೂರವಾದ ಗೆಳೆಯನಿಗೆ, ಹತ್ತು ವರ್ಷದ ನಂತರದ ನಿಮಗೇ ಆದರೂ ಸರಿ. ಸಾದಾ ದಿನಗಳಲ್ಲಿ ಮೂರು ಸಾಲು ಸಾಕು. ಮನಸ್ಸಿಗೆ ಏನಾದರೂ ಚುಚ್ಚಿ ಕೂತಿದೆಯೆಂದರೆ ಮಾತ್ರ ಮೂರು ನಾಲ್ಕು ದಿನ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಬರೆಯಿರಿ: ಏನಾಯಿತು, ಅದರಿಂದ ನನಗೇನಾಯಿತು, ಎದುರಿನವರ ಕಣ್ಣಿಗೆ ಅದು ಹೇಗೆ ಕಂಡೀತು. ಐದನೆಯ ದಿನ ಆ ವಿಷಯ ನಿಲ್ಲಿಸಿ. ಬರೆಯುತ್ತ ತಡೆಯಲಾಗದಷ್ಟು ಸಂಕಟವಾದರೆ ಮೊದಲ ದಿನವೇ ನಿಲ್ಲಿಸಿ ಎಂಬುದು ಪೆನ್ನೆಬೇಕರ್ ಅವರದೇ ಎಚ್ಚರಿಕೆ.

ಡೈರಿಯ ಕೈಗೆ ಸಿಗದ ಕಷ್ಟಗಳೂ ಇವೆ. ಸಾಲ ಬರೆದರೆ ತೀರುವುದಿಲ್ಲ. ಲಿಂಬಿಯ ದರ ಬಿದ್ದದ್ದು, ಬೋರ್‌ವೆಲ್ ಬತ್ತಿದ್ದು, ಗಂಡನ ಕುಡಿತ ಇವಕ್ಕೆಲ್ಲ ಆತ್ಮಾವಲೋಕನ ಮಾಡಿಕೋ ಎನ್ನುವುದು ತಪ್ಪನ್ನು ನೊಂದವರ ತಲೆಗೇ ಕಟ್ಟಿದಂತೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎಂಬ ಮಾತು ಪುಟದಲ್ಲಿ ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ಅದು ನೋಟ್‌ಬುಕ್ ಮುಚ್ಚಿ ಫೋನ್ ಎತ್ತುವ ಹೊತ್ತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಬರೆದದ್ದನ್ನು ಕೊನೆಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಜಿಲ್ಲೆಯಲ್ಲೇ ಮೂರು ಬಗೆಯ ಉತ್ತರ ಸಿಗುತ್ತವೆ. ಮಧುರಚೆನ್ನರು ಅಚ್ಚು ಹಾಕಿಸಿದರು. ಬೀಸಿ ಹಾಡಿದ ಹೆಣ್ಣುಮಕ್ಕಳ ಮಾತು ಉಳಿಯಿತು, ಹೆಸರು ಉಳಿಯಲಿಲ್ಲ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದಶಕಗಳ ಕಾಲ ಸಾವಿರಾರು ಜನರ ಮುಂದೆ ಪ್ರವಚನ ಮಾಡಿದವರು, ತಮ್ಮ ಬದುಕಿನ ಬಗ್ಗೆ 2014ರ ಗುರುಪೂರ್ಣಿಮೆಯಂದು ಬರೆದಿಟ್ಟದ್ದು ಒಂದು ಚಿಕ್ಕ ಅಭಿವಂದನ ಪತ್ರ. 2023ರ ಜನವರಿ 2ರಂದು ಅವರು ದೇಹ ಬಿಟ್ಟ ಮೇಲೆ ಜನ ಅದನ್ನು ಓದಿದರು. ಸ್ಮಾರಕ ಬೇಡ, ಚಿತಾಭಸ್ಮ ನೀರಿಗೆ ಬಿಡಿ ಎಂಬ ಸೂಚನೆಯೂ ಅವರದೇ. ಉಳಿದವರು ತಮಗೆ ಸರಿ ಕಂಡದ್ದು ಮಾಡಲಿ. ಇಡುವುದಾದರೆ ನೆಲಕ್ಕೆ ತಾಗದಂತೆ, ಗೋಡೆಗೂ ಅಂಟದಂತೆ ಇಡಿ. ಗೆದ್ದಲು ಸಾಲದ ಪತ್ರವನ್ನೂ ಡೈರಿಯನ್ನೂ ಬೇರೆ ಮಾಡಿ ತಿನ್ನುವುದಿಲ್ಲ.